ಯಾವ ಕಾಯಿಲೆಗೆ ಯಾವ ದವಾಖಾನೆ?

ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ‘ಎಲ್ಲಿಗೆ ಕರೆದೊಯ್ಯೋಣ’ ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಬಹುಪಾಲು ಪಕ್ಕದ ಮನೆಯವರು, ಇಲ್ಲವೇ ಟಂಟಂ ಓಡಿಸುವವರು. ಅವರು ತಮಗೆ ಗೊತ್ತಿರುವ ಒಂದು ಖಾಸಗಿ ಆಸ್ಪತ್ರೆಯ ಹೆಸರು ಹೇಳುತ್ತಾರೆ. ಅಲ್ಲಿ ಎರಡು ದಿನ ಇಟ್ಟುಕೊಂಡು ‘ರಾಯಚೂರಿಗೆ ಒಯ್ಯಿರಿ’ ಎನ್ನುತ್ತಾರೆ. ರಾಯಚೂರಿನಲ್ಲಿ ‘ಹೈದರಾಬಾದಿಗೆ ಒಯ್ಯಿರಿ’ ಎನ್ನುತ್ತಾರೆ. ಅಷ್ಟರಲ್ಲಿ ಮನೆಯ ಬಂಗಾರ ಅಡವು ಬಿದ್ದಿರುತ್ತದೆ. ರೋಗಿ ಗುಣವಾಗಿ ಮನೆಗೆ ಬಂದರೂ ಸಾಲ ವರ್ಷಗಟ್ಟಲೆ ಉಳಿಯುತ್ತದೆ. ದೇವಸುಗೂರು, ಶಕ್ತಿನಗರ, ಮಾನ್ವಿ, ದೇವದುರ್ಗದ ಮನೆಗಳಿಗೆ ಇದು ಹೊಸ ಕಥೆಯೇನಲ್ಲ.

ನಮ್ಮ ಸುತ್ತ ಸರ್ಕಾರದ್ದು, ಖಾಸಗಿಯವರದ್ದು ಎಂದು ಹಲವು ಬಗೆಯ ಆರೋಗ್ಯ ಸಂಸ್ಥೆಗಳಿವೆ. ಒಂದೊಂದಕ್ಕೂ ಅದರದೇ ಕೆಲಸವಿದೆ. ಕಾಯಿಲೆಗೆ ಸಾವಕಾಶವಿದ್ದರೆ ಹತ್ತಿರದ ಸಣ್ಣ ದವಾಖಾನೆಯಿಂದಲೇ ಶುರು ಮಾಡಿ. ಅಲ್ಲಿ ಬರೆದುಕೊಡುವ ಒಂದು ಚೀಟಿ ಮುಂದೆ ಲಕ್ಷಾಂತರ ರೂಪಾಯಿಯ ಚಿಕಿತ್ಸೆಗೆ ದಾರಿ ಮಾಡಿಕೊಡುತ್ತದೆ. ಜೀವಕ್ಕೆ ಅಪಾಯವಿದ್ದರೆ ಸಣ್ಣ ದವಾಖಾನೆಗಳಲ್ಲಿ ಹೊತ್ತು ಕಳೆಯದೆ ದೊಡ್ಡದಕ್ಕೇ ಹೋಗಿ. ನಮ್ಮಲ್ಲಿ ಬಹಳ ಸಲ ನಡೆಯುವುದು ಇದರ ತಿರುವುಮುರುವು: ಕೆಮ್ಮು ನೆಗಡಿಗೆ ದೊಡ್ಡ ಆಸ್ಪತ್ರೆ, ಎದೆನೋವಿಗೆ ಓಣಿಯ ಆರ್‌ಎಂಪಿ.

ಓಣಿಯಲ್ಲೇ ಇರುವ ಆರೋಗ್ಯ ಇಲಾಖೆ

ಸರ್ಕಾರದ ಆರೋಗ್ಯ ವ್ಯವಸ್ಥೆ ಆಸ್ಪತ್ರೆಯ ಕಟ್ಟಡದಿಂದ ಶುರುವಾಗುವುದಿಲ್ಲ, ಆಶಾ ಕಾರ್ಯಕರ್ತೆಯಿಂದ ಶುರುವಾಗುತ್ತದೆ. ಸುಮಾರು 1000 ಜನರಿಗೆ ಒಬ್ಬರಂತೆ ಇರುವ ಇವರು ನಿಮ್ಮ ಓಣಿಯವರೇ. ಬಸುರಿ, ಬಾಣಂತಿ, ಹಸುಗೂಸು ಇರುವ ಮನೆಗಳ ಲೆಕ್ಕ ಇವರ ಬಳಿ ಇರುತ್ತದೆ. ಆಶಾ ಅಕ್ಕ ಬಾಗಿಲಿಗೆ ಬಂದರೆ ‘ನಮ್ಮ ಮನೆಯಲ್ಲಿ ಯಾರೂ ಇಲ್ಲ’ ಎಂದು ಕಳಿಸಿಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅವರ ಪುಸ್ತಕದಲ್ಲಿ ಸೊಸೆಯ ಹೆಸರು ಬರೆಸದಿದ್ದರೆ ತಾಯಿ ಕಾರ್ಡ್‌ ತಡವಾಗುತ್ತದೆ, ಕಾರ್ಡ್‌ ತಡವಾದರೆ ಮುಂದಿನದೆಲ್ಲ ತಡವಾಗುತ್ತದೆ.

ಸುಮಾರು 5000 ಜನಸಂಖ್ಯೆಗೆ ಒಂದು ಉಪಕೇಂದ್ರವಿದೆ. ಈಗ ಅದರ ಗೋಡೆಯ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಬರೆದಿರುತ್ತದೆ. ಹೆಸರು ನೋಡಿ ಅನುಮಾನ ಪಡಬೇಡಿ, ಅದು ಹಳೆಯ ಉಪಕೇಂದ್ರವೇ. ಅಲ್ಲಿ ನಾವು ಸಿಸ್ಟರ್ ಎಂದು ಕರೆಯುವ ಆರೋಗ್ಯ ಕಾರ್ಯಕರ್ತೆ ಇರುತ್ತಾರೆ. ಹಲವು ಕಡೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಯೂ ಇರುತ್ತಾರೆ. ಮಕ್ಕಳ ಲಸಿಕೆ, ಬಸುರಿಯರ ತಪಾಸಣೆ, ಕಬ್ಬಿಣಾಂಶದ ಮಾತ್ರೆ, 30 ವರ್ಷ ದಾಟಿದವರಿಗೆ ಬಿಪಿ ಮತ್ತು ಸಕ್ಕರೆ ಪರೀಕ್ಷೆ ಇಲ್ಲಿ ಪುಕ್ಕಟೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ಮೊದಲ ಹಂತದ ತಪಾಸಣೆಗೂ ಇಲ್ಲಿಂದಲೇ ದಾರಿ. ಗುಟ್ಕಾ, ತಂಬಾಕು ಹಾಕಿಕೊಳ್ಳುವವರ ಬಾಯಿಯಲ್ಲಿ ಬಿಳಿ ಮಚ್ಚೆ ಎದ್ದಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಇವತ್ತೇ ತೋರಿಸಿ.

ರಂಜಾನ್‌ಗೆ ಒಂದು ತಿಂಗಳು ಮೊದಲೇ ಸಕ್ಕರೆ ಕಾಯಿಲೆಯವರು ಪರೀಕ್ಷೆ ಮಾಡಿಸಿಕೊಂಡು, ಉಪವಾಸದ ದಿನಗಳಲ್ಲಿ ಮಾತ್ರೆ ಅಥವಾ ಇನ್ಸುಲಿನ್ ಹೇಗೆ ಬದಲಿಸಬೇಕೆಂದು ವೈದ್ಯರನ್ನು ಕೇಳಬೇಕು. ಸಹರಿಯ ಮಾತ್ರೆಯನ್ನು ನಾವೇ ಅಂದಾಜಿನಲ್ಲಿ ಬಿಡುವುದು, ಇಫ್ತಾರಿನಲ್ಲಿ ಎರಡು ನುಂಗುವುದು ಅಪಾಯ.

ಅದರ ಮೇಲಿನದು ಪ್ರಾಥಮಿಕ ಆರೋಗ್ಯ ಕೇಂದ್ರ. ದೇವಸುಗೂರಿನಲ್ಲಿರುವುದು ಇದೇ. ಸುಮಾರು 30,000 ಜನರಿಗೆ ಒಂದು ಎಂಬ ಲೆಕ್ಕ. ಎಂಬಿಬಿಎಸ್ ವೈದ್ಯರು, ಸ್ಟಾಫ್ ನರ್ಸ್, ಔಷಧ ಕೊಡುವವರು, ರಕ್ತ ಮತ್ತು ಕಫ ಪರೀಕ್ಷೆಯ ವ್ಯವಸ್ಥೆ ಇಲ್ಲಿರಬೇಕು. ಜ್ವರ, ವಾಂತಿಭೇದಿ, ಬಿಪಿ ಮಾತ್ರೆ, ಸಣ್ಣಪುಟ್ಟ ಗಾಯ ಇದರ ಕೆಲಸ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಮೊದಲು ಇಲ್ಲಿಗೆ ಬನ್ನಿ. ಗಾಯ ಆಳವಾಗಿದ್ದರೆ ಇನ್ನೊಂದು ಚುಚ್ಚುಮದ್ದಿಗಾಗಿ ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಾರೆ. ಹೇಳಿದ ದಿನಗಳಲ್ಲಿ ಪೂರ್ತಿ ಡೋಸು ಹಾಕಿಸಿ. ಎರಡು ಹಾಕಿಸಿ ಬಿಟ್ಟರೆ ಹಾಕಿಸಿದ್ದೂ ವ್ಯರ್ಥ.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಅದರ ಹಾರುಬೂದಿ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಯಾವ ಕೆಮ್ಮು ಬಂದರೂ ‘ಬೂದಿಯ ಕೆಮ್ಮು’ ಎಂದು ಬಿಟ್ಟುಬಿಡುತ್ತೇವೆ. ಎರಡು ವಾರ ದಾಟಿದ ಕೆಮ್ಮನ್ನು ಹಾಗೆ ಬಿಡಬಾರದು. ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಪುಕ್ಕಟೆ. ಕ್ಷಯ ಎಂದು ತಿಳಿದರೆ ಪೂರ್ತಿ ಔಷಧವೂ ಪುಕ್ಕಟೆ. ಊಟದ ಖರ್ಚಿಗೆಂದು ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ರೂಪಾಯಿ. ಮದುವೆಗೆ ಬಂದ ಮಗಳಿಗೆ ಕ್ಷಯವೆಂದು ಗೊತ್ತಾದರೆ ಸಂಬಂಧ ಮುರಿಯುತ್ತದೆಂದು ಮುಚ್ಚಿಟ್ಟು, ಊರಾಚೆ ಖಾಸಗಿಯಲ್ಲಿ ಅರ್ಧಮರ್ಧ ಔಷಧ ಕೊಡಿಸುವವರಿದ್ದಾರೆ. ಅರ್ಧ ಔಷಧದಿಂದ ಕ್ಷಯ ಇನ್ನಷ್ಟು ಗಟ್ಟಿಯಾಗುತ್ತದೆ. ಪೂರ್ತಿ ಔಷಧ ತಿಂದರೆ ವಾಸಿಯಾಗುತ್ತದೆ.

ನೀರಿನ ವಿಷಯವೂ ಆರೋಗ್ಯ ಕೇಂದ್ರದ್ದೇ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಒಂದೇ ಓಣಿಯಲ್ಲಿ ಮೂರು ನಾಲ್ಕು ಮನೆಯವರಿಗೆ ಒಟ್ಟಿಗೆ ವಾಂತಿಭೇದಿ ಶುರುವಾದರೆ ಪ್ರತಿಯೊಬ್ಬರೂ ಬೇರೆ ಬೇರೆ ಡಾಕ್ಟರ ಬಳಿ ಸಲೈನ್ ಏರಿಸಿಕೊಂಡು ಬಂದರೆ ಸಾಲದು. ಆ ದಿನವೇ ಆರೋಗ್ಯ ಕೇಂದ್ರಕ್ಕೂ, ಗ್ರಾಮ ಪಂಚಾಯಿತಿ ಅಥವಾ ನಗರಾಡಳಿತಕ್ಕೂ ತಿಳಿಸಿ, ನೀರು ಪರೀಕ್ಷೆ ಮಾಡಿಸಲು ಒತ್ತಾಯಿಸಿ. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರೇ ಕುಡಿಯಿರಿ. ಮಕ್ಕಳಿಗೆ ಓಆರ್‌ಎಸ್ ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡುತ್ತಾರೆ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಅದನ್ನು ಬಿಡಬೇಡಿ.

ನಗರದಲ್ಲಿರುವವರಿಗೆ ನಗರ ಆರೋಗ್ಯ ಕೇಂದ್ರಗಳಿವೆ. 2022ರ ಡಿಸೆಂಬರ್‌ನಿಂದ ರಾಜ್ಯದ ಪಟ್ಟಣಗಳಲ್ಲಿ ‘ನಮ್ಮ ಕ್ಲಿನಿಕ್’ಗಳೂ ತೆರೆದಿವೆ. ಯುನಾನಿ ಚಿಕಿತ್ಸೆ ಬೇಕೆನ್ನುವವರು ಆಯುಷ್ ಇಲಾಖೆಯ ಚಿಕಿತ್ಸಾಲಯಗಳಲ್ಲಿ ಪದವಿ ಪಡೆದ ಹಕೀಮರನ್ನು ಕಾಣಬಹುದು. ಆದರೆ ಇನ್ಸುಲಿನ್, ಬಿಪಿ ಮಾತ್ರೆ, ಕ್ಷಯದ ಔಷಧವನ್ನು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಬಾರದು.

ಹೆರಿಗೆ ಎಲ್ಲಿ? ಏಳನೇ ತಿಂಗಳಿಗೇ ಗೊತ್ತು ಮಾಡಿ

ಎಲ್ಲಕ್ಕಿಂತ ಹೆಚ್ಚು ತಪ್ಪು ಬಾಗಿಲು ತಟ್ಟುವುದು ಹೆರಿಗೆಯ ವಿಷಯದಲ್ಲಿ. ನೋವು ಶುರುವಾದ ಮೇಲೆ ಆಸ್ಪತ್ರೆ ಹುಡುಕುವುದು ನಮ್ಮ ಅಭ್ಯಾಸ. ಮನೆಯ ಹಿರಿಯರು, ಅದರಲ್ಲೂ ಅತ್ತೆಯಂದಿರು, ಏಳನೇ ತಿಂಗಳಲ್ಲೇ ಕುಳಿತು ಮೂರು ವಿಷಯ ಗೊತ್ತು ಮಾಡಬೇಕು: ಯಾವ ಆಸ್ಪತ್ರೆ, ಯಾವ ಗಾಡಿ, ರಕ್ತ ಬೇಕಾದರೆ ಕೊಡುವವರು ಯಾರು.

ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ತಾಯಿ ಕಾರ್ಡಿನಲ್ಲಿ ಈ ಅಂಕಿ ಬರೆದಿರುತ್ತಾರೆ. ನಿಮ್ಮ ಸೊಸೆಯ, ಮಗಳ ಕಾರ್ಡಿನಲ್ಲಿ ಅದೆಷ್ಟಿದೆ ಎಂದು ಇವತ್ತೇ ತೆಗೆದು ನೋಡಿ. ಎಲ್ಲವೂ ಸರಿಯಿರುವ, ಹಿಂದಿನ ಹೆರಿಗೆಗಳೂ ಸುಲಭವಾಗಿ ಆಗಿರುವ ತಾಯಿಗೆ ರಾತ್ರಿಯೂ ಸ್ಟಾಫ್ ನರ್ಸ್ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಎಲ್ಲ ಕೇಂದ್ರಗಳಲ್ಲಿ ರಾತ್ರಿ ಸಿಬ್ಬಂದಿ ಇರುವುದಿಲ್ಲ, ಆಶಾ ಅಕ್ಕನನ್ನು ಮೊದಲೇ ಕೇಳಿಕೊಳ್ಳಿ. ಮೊದಲು ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ, ಬಿಪಿ ಏರಿದ್ದರೆ, ಮಗು ಅಡ್ಡವಿದ್ದರೆ, ರಕ್ತ ತೀರ ಕಡಿಮೆಯಿದ್ದರೆ ಸಣ್ಣ ಕೇಂದ್ರವೂ ಬೇಡ, ಶಸ್ತ್ರಚಿಕಿತ್ಸೆಯ ಕೋಣೆ ಇಲ್ಲದ ನರ್ಸಿಂಗ್ ಹೋಮೂ ಬೇಡ. ಅವರು ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ಗೆ ಹೋಗಬೇಕು.

ಹೆರಿಗೆಯ ನಂತರದ ರಕ್ತಸ್ರಾವ ಒಂದೆರಡು ಗಂಟೆಯಲ್ಲೇ ಜೀವ ತೆಗೆಯಬಲ್ಲದು. ದೇವದುರ್ಗದಿಂದ ರಾಯಚೂರಿಗೆ 50 ಕಿ.ಮೀ. ಆಸುಪಾಸು, ಮಾನ್ವಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ರಕ್ತ ಹರಿಯತೊಡಗಿದ ಮೇಲೆ ಈ ದಾರಿ ಬಹಳ ಉದ್ದ. ಆದ್ದರಿಂದ ಅಪಾಯವಿರುವ ತಾಯಿಯನ್ನು ದಿನ ತುಂಬುವ ಮೊದಲೇ ರಕ್ತ ಸಿಗುವ ಜಾಗದ ಹತ್ತಿರಕ್ಕೆ ಕರೆತರಬೇಕು. ಬಸುರಿಯಲ್ಲಿ ಯಾವಾಗಲೇ ಆಗಲಿ ರಕ್ತ ಕಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಊದಿದರೆ, ಫಿಟ್ಸ್ ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದಲೇ ವಿಶೇಷ ತಪಾಸಣೆ ಇರುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಂದಿನಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಪುಕ್ಕಟೆಯಾಗಿರಬೇಕು. ಹುಟ್ಟಿದ ಮಗುವಿನ ಚಿಕಿತ್ಸೆಗೂ ಇದು ಅನ್ವಯಿಸುತ್ತದೆ. ಕರೆತರಲು 108, ಮನೆಗೆ ಬಿಡಲು ‘ನಗು ಮಗು’ ವಾಹನ. ಬಿಪಿಎಲ್ ಕುಟುಂಬದ ಹಳ್ಳಿಯ ತಾಯಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ 700 ರೂಪಾಯಿ, ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಸಿಗುತ್ತದೆ. ಹೆರಿಗೆ ಕೋಣೆಯ ಹೊರಗೆ ‘ಗಂಡು ಮಗು, ಇಷ್ಟು ಕೊಡಿ’ ಎಂದು ಕೈ ಚಾಚುವವರು ಇಲ್ಲವೆಂದಲ್ಲ. ಖುಷಿಯ ಹೊತ್ತಿನಲ್ಲಿ ನಾವೂ ಕೊಟ್ಟುಬಿಡುತ್ತೇವೆ. ಮರುದಿನ ಬರುವ ಬಡ ತಾಯಿಗೆ ಅದೇ ದರ ನಿಗದಿಯಾಗುತ್ತದೆ ಎಂಬುದು ಮಾತ್ರ ನೆನಪಿರಲಿ. ದೂರಿಗೆ 104 ಸಂಖ್ಯೆ ಇದೆ, ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯೂ ಇದೆ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಮಗಳು ಬರುವಾಗ ತಾಯಿ ಕಾರ್ಡ್‌ ಗಂಡನ ಮನೆಯ ಕಪಾಟಿನಲ್ಲೇ ಉಳಿದರೆ ಇಲ್ಲಿಯ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಬೆಂಗಳೂರು, ಪುಣೆ ಕಡೆ ಗುಳೆ ಹೋಗುವ ಕುಟುಂಬಗಳಿಗೂ ಇದೇ ಮಾತು. ಕಾರ್ಡ್‌ ಜೊತೆಯಲ್ಲೇ ಇರಲಿ.

‘ಲೇಡಿ ಡಾಕ್ಟರ್ ಇಲ್ಲ, ಹಾಗಾಗಿ ತೋರಿಸಲಿಲ್ಲ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಹಳ ಕೇಳುತ್ತೇವೆ. ಉಪಕೇಂದ್ರದ ಸಿಸ್ಟರ್‌ಗಳು ಹೆಂಗಸರೇ, ಮೊದಲ ಮಾತನ್ನು ಅವರ ಬಳಿ ಆಡಬಹುದು. ಗಂಡು ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕೆಂದು ಕೇಳುವುದು ರೋಗಿಯ ಹಕ್ಕು. ಸಂಕೋಚವಿಲ್ಲದೆ ಕೇಳಿ. ಆದರೆ ರಕ್ತ ಹರಿಯುತ್ತಿರುವಾಗ ಲೇಡಿ ಡಾಕ್ಟರ್ ಹುಡುಕುತ್ತಾ ಊರು ಸುತ್ತಬಾರದು.

ಇನ್ನು ಸುನ್ನತಿಯ ವಿಷಯ. ಒಂದೇ ಬ್ಲೇಡು, ಒಂದೇ ದಿನ, ಓಣಿಯ ಹತ್ತು ಮಕ್ಕಳು ಎಂಬ ಕಾಲ ಮುಗಿಯಬೇಕು. ಸರ್ಜನ್ ಕೈಯಲ್ಲಿ, ಶುದ್ಧಗೊಳಿಸಿದ ಉಪಕರಣಗಳಿಂದ ಮಾಡಿಸಿ. ಮಗುವಿನ ಮಾಮೂಗಳಲ್ಲಿ, ಅಂದರೆ ತಾಯಿಯ ಅಣ್ಣತಮ್ಮಂದಿರಲ್ಲಿ, ಯಾರಿಗಾದರೂ ಸಣ್ಣ ಗಾಯಕ್ಕೂ ರಕ್ತ ನಿಲ್ಲದ ತೊಂದರೆ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ.

ನಿಲ್ಲದೆ ಹೋಗಬೇಕಾದ ಹೊತ್ತು

ಎದೆಯ ನಡುವೆ ಒತ್ತಿದಂಥ ನೋವು, ಬೆವರು, ನೋವು ಎಡಗೈಗೆ ಇಳಿಯುವುದು: ಇದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಿದ ಮನೆಗಳಲ್ಲಿ ಬೆಳಿಗ್ಗೆ ಏನಾಯಿತೆಂದು ನಿಮಗೆ ಗೊತ್ತು. ಇಸಿಜಿ ತೆಗೆಯುವ ತಾಲ್ಲೂಕು ಆಸ್ಪತ್ರೆಗೆ ಹೋಗಿ. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಂತ ಹಂತವಾಗಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆ ಕೊಡಲಾಗುತ್ತಿದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಅದಕ್ಕೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು, ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಕಾಲ ನಾಲ್ಕೂವರೆ ಗಂಟೆ. ಎಣ್ಣೆ ತಿಕ್ಕಿಸಲು ಕರೆದೊಯ್ದರೆ ಆ ಕಾಲ ದಾರಿಯಲ್ಲೇ ಮುಗಿಯುತ್ತದೆ. ಹೊಲದಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರದವರ ಬಳಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ 108ರಲ್ಲಿ ಕರೆದೊಯ್ಯಿರಿ.

ದೇವಸುಗೂರಿನವರಿಗೆ ಒಂದು ಅನುಕೂಲವಿದೆ. ರಾಯಚೂರು 20 ಕಿ.ಮೀ. ಆಸುಪಾಸು, ಅದೂ ಹೈದರಾಬಾದ್ ರಸ್ತೆಯಲ್ಲೇ. ಜಿಲ್ಲಾಸ್ಪತ್ರೆಯ ಕೆಲಸ ಮಾಡುವ ರಿಮ್ಸ್, ಅಂದರೆ 2007ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮತ್ತು ಜನ ಇನ್ನೂ ‘ಒಪೆಕ್’ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಎರಡೂ ಈ ರಸ್ತೆಯಲ್ಲಿವೆ. ತೂಕ ಕಡಿಮೆಯಿರುವ ಹಸುಗೂಸುಗಳ ವಿಶೇಷ ಘಟಕ, ತೀವ್ರ ಅಪೌಷ್ಟಿಕ ಮಕ್ಕಳನ್ನು ತಾಯಿಯ ಜೊತೆ ಇಟ್ಟುಕೊಂಡು ಆರೈಕೆ ಮಾಡುವ ಪುನಶ್ಚೇತನ ಕೇಂದ್ರ, ಡಯಾಲಿಸಿಸ್ ಜಿಲ್ಲಾ ಮಟ್ಟದ ಸೇವೆಗಳು. ಶಾಲೆ ಅಂಗನವಾಡಿಗೆ ಬರುವ ವೈದ್ಯರ ತಂಡ ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದೋ ಸೀಳುತುಟಿಗೆ ಆಪರೇಷನ್ ಆಗುತ್ತದೆ ಎಂದೋ ಚೀಟಿ ಕೊಟ್ಟರೆ ಎಸೆಯಬೇಡಿ. ಆ ಆಪರೇಷನ್ ಸರ್ಕಾರದ ಖರ್ಚಿನಲ್ಲಿ ಆಗುತ್ತದೆ.

ಇಷ್ಟಿದ್ದೂ ದೊಡ್ಡ ಕಾಯಿಲೆಗೆ ಹೈದರಾಬಾದ್ ಬಸ್ ಹತ್ತುವುದು ತಪ್ಪಿಲ್ಲ. ರಾಯಚೂರಿಗೇ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದ್ದೂ ಇದಕ್ಕೇ.

ಐದು ಲಕ್ಷದ ಚೀಟಿ

ಬಡವರ ದೊಡ್ಡ ಆಪರೇಷನ್‌ಗಳಿಗೆ ಸರ್ಕಾರವೇ ಹಣ ಕಟ್ಟುವ ವ್ಯವಸ್ಥೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಹೆಸರಿನಲ್ಲಿ ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಹೊಸ ಹೆಸರುಗಳನ್ನು ಹೊತ್ತು ಈಗ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ.

ಜನ ಎಡವುವುದು ಇಲ್ಲೇ. ಕಾರ್ಡ್‌ ಇದೆ ಎಂದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿದರೆ ಯೋಜನೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ಅವರು ರೆಫರಲ್ ಚೀಟಿ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳೆಂದು ಪಟ್ಟಿ ಮಾಡಿದವಕ್ಕೆ ಮಾತ್ರ ಚೀಟಿ ಬೇಡ. ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿಯ ಮೇಜು ಇರುತ್ತದೆ. ಹಣ ಕಟ್ಟುವ ಕೌಂಟರಿಗೆ ಹೋಗುವ ಮೊದಲು ಆ ಮೇಜಿಗೆ ಹೋಗಿ. ಕೃಷ್ಣಾ ಸೇತುವೆ ದಾಟಿ ತೆಲಂಗಾಣಕ್ಕೆ ಹೋಗುವವರಂತೂ ‘ನಮ್ಮ ಕಾರ್ಡ್‌ ಅಲ್ಲಿ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ’ ಎಂದು ಇಲ್ಲಿಯೇ ಕೇಳಿಕೊಂಡು ಹೊರಡಬೇಕು.

ಇದಕ್ಕೆಲ್ಲ ತಳಪಾಯ ರೇಷನ್ ಕಾರ್ಡ್‌. ಮದುವೆಯಾಗಿ ಬಂದ ಸೊಸೆಯ ಹೆಸರು ಮೂರು ವರ್ಷವಾದರೂ ತವರಿನ ರೇಷನ್ ಕಾರ್ಡಿನಲ್ಲೇ ಇರುತ್ತದೆ, ಹುಟ್ಟಿದ ಮಗುವಿನ ಹೆಸರು ಯಾವುದರಲ್ಲೂ ಇರುವುದಿಲ್ಲ. ಆಧಾರದಲ್ಲಿ ‘ಬೇಗಂ’, ರೇಷನ್ ಕಾರ್ಡಿನಲ್ಲಿ ‘ಬಿ’ ಎಂದಿದ್ದರೂ ಕಂಪ್ಯೂಟರ್ ಒಪ್ಪದೆ ಆಸ್ಪತ್ರೆಯಲ್ಲಿ ಪರದಾಡಬೇಕಾಗುತ್ತದೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಿ. ಬಿಲ್ಲು ಕಟ್ಟಲು ಜಮಾಅತಿನ ಬೈತುಲ್‌ಮಾಲ್‌ನಿಂದ ನೆರವು ಕೊಡುವವರೂ ಮೊದಲು ‘ಆರೋಗ್ಯ ಮಿತ್ರನನ್ನು ಕಂಡಿರಾ’ ಎಂದು ವಿಚಾರಿಸುವುದು ಒಳ್ಳೆಯದು. ಸರ್ಕಾರ ಕೊಡಬೇಕಾದ ಹಣವನ್ನು ಬಡವರ ನಿಧಿಯಿಂದ ಕಟ್ಟಿದರೆ, ಯಾವ ಯೋಜನೆಗೂ ಸೇರದ ರೋಗಿಗೆ ಕೊಡಲು ಅಲ್ಲಿ ಏನೂ ಉಳಿಯುವುದಿಲ್ಲ.

ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆದಾರರ ಕೈಕೆಳಗೆ, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್‌ನಲ್ಲಿ ದುಡಿಯುವವರು ಪಗಾರದ ಚೀಟಿಯನ್ನೂ ನೋಡಿಕೊಳ್ಳಬೇಕು. ತಿಂಗಳ ಪಗಾರ 21,000 ರೂಪಾಯಿವರೆಗೆ ಇದ್ದು, ಅದರಲ್ಲಿ ಶೇ. 0.75 ಇಎಸ್‌ಐ ಎಂದು ಮುರಿದುಕೊಂಡಿದ್ದರೆ ನಿಮಗೆ, ಹೆಂಡತಿ ಮಕ್ಕಳಿಗೆ, ನಿಮ್ಮನ್ನೇ ನಂಬಿರುವ ಅಬ್ಬಾ ಅಮ್ಮಿಗೂ ಚಿಕಿತ್ಸೆ ಇದೆ. ಕಾಯಿಲೆಯಿಂದ ಕೆಲಸ ತಪ್ಪಿದರೆ ನಿಯಮದಂತೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70ರಷ್ಟು ಸಿಗುತ್ತದೆ. ಹಣ ಮುರಿದುಕೊಂಡು ಇಎಸ್‌ಐ ಸಂಖ್ಯೆ ಕೊಡದಿದ್ದರೆ ಕೇಳಿ ಪಡೆಯಿರಿ.

ಖಾಸಗಿಗೆ ಹೋದರೆ

ಖಾಸಗಿ ಆಸ್ಪತ್ರೆಗಳೆಲ್ಲ ಕೆಟ್ಟವು ಎಂಬ ಮಾತು ಸರಿಯಲ್ಲ. ರಾಯಚೂರಿನ ನವೋದಯದಂಥ ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಊರೂರಲ್ಲಿ ನಿಷ್ಠೆಯಿಂದ ನಡೆಸುವ ಸಣ್ಣ ಕ್ಲಿನಿಕ್‌ಗಳಿವೆ. ರಾಜ್ಯದಲ್ಲಿ 2007ರ ಕಾಯ್ದೆಯಂತೆ ಪ್ರತಿ ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಮ್ ಕೆಪಿಎಂಇ ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ಗೋಡೆಯ ಮೇಲೆ ಆ ಪ್ರಮಾಣಪತ್ರ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ. ಓಣಿಯ ಆರ್‌ಎಂಪಿ ರಾತ್ರಿ ಹನ್ನೊಂದಕ್ಕೂ ಸಿಗುತ್ತಾರೆ, ಉದ್ರಿ ಬರೆದುಕೊಳ್ಳುತ್ತಾರೆ, ನಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಜನ ಹೋಗುವುದು ಇದಕ್ಕೇ. ಆದರೆ ಒಂದೇ ಸೂಜಿಯನ್ನು ಮತ್ತೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುತ್ತವೆ. ‘ಶಕ್ತಿ ಬರಲಿ’ ಎಂದು ನಾವೇ ಕೇಳಿ ಹಾಕಿಸಿಕೊಳ್ಳುವ ಸಲೈನಿನಲ್ಲಿ ಹೆಚ್ಚಾಗಿ ಇರುವುದು ನೀರು, ಉಪ್ಪು, ಸ್ವಲ್ಪ ಸಕ್ಕರೆ. ಸೂಜಿ ಬೇಕೇಬೇಕೆಂದು ವೈದ್ಯರು ಹೇಳಿದರೆ ಹೊಸ ಸಿರಿಂಜನ್ನು ನಿಮ್ಮ ಕಣ್ಣೆದುರೇ ಬಿಚ್ಚಲು ಹೇಳಿ.

ಇನ್ನೊಂದು ಮಾತು. ಖಾಸಗಿ ಆಸ್ಪತ್ರೆಯಲ್ಲಿ ರೋಗಿ ತೀರಿಕೊಂಡರೆ ಬಾಕಿ ಹಣ ಕಟ್ಟುವವರೆಗೆ ಮಯ್ಯತ್ ಕೊಡುವುದಿಲ್ಲ ಎನ್ನಲು ಅವರಿಗೆ ಅಧಿಕಾರವಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು, ಆದರೆ ದೇಹವನ್ನು ಕುಟುಂಬಕ್ಕೆ ಒಪ್ಪಿಸಬೇಕೆಂದು ತಿದ್ದುಪಡಿಯಾದ ಅದೇ ಕಾಯ್ದೆ ಹೇಳುತ್ತದೆ. ಅಪಘಾತ, ವಿಷ, ಸುಟ್ಟಗಾಯದ ಸಾವುಗಳಲ್ಲಿ ಪೊಲೀಸ್ ಮತ್ತು ಮರಣೋತ್ತರ ಪರೀಕ್ಷೆಯ ಕೆಲಸ ಬೇರೆಯೇ ಇರುತ್ತದೆ, ಅದಕ್ಕೆ ಸಹಕರಿಸಿದಷ್ಟೂ ಜನಾಜಾ ಬೇಗ ಮನೆಗೆ ಬರುತ್ತದೆ. ಹಣಕ್ಕಾಗಿ ತಡೆದರೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಕೂಡಲೇ ತಿಳಿಸಿ.

ತಾಯಿ ಕಾರ್ಡ್‌, ರೇಷನ್ ಕಾರ್ಡ್‌ ಮತ್ತು ಆಧಾರದ ನಕಲು, ಹಳೆಯ ಚೀಟಿಗಳು, ಈಗ ತಿನ್ನುತ್ತಿರುವ ಮಾತ್ರೆಗಳ ಖಾಲಿ ಪಟ್ಟಿ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯ ಎಲ್ಲರಿಗೂ ಗೊತ್ತಿರುವ ಮೊಳೆಗೆ ತೂಗುಹಾಕಿ. ಚೀಲದ ಮೇಲೆ 108, 104 ಮತ್ತು ನಿಮ್ಮ ಆಶಾ ಅಕ್ಕನ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.